ಲಂಡನ್ ಸುತ್ತಾಟ: ಮೊದಲು ಊಟ ಗೊತ್ತು ಮಾಡಿ, ಆಮೇಲೆ ಕೋಟೆ

ಲಂಡನ್‌ಗೆ ಹೊರಟವರು ಮೊದಲು ನೋಡುವ ಜಾಗಗಳ ಪಟ್ಟಿ ಮಾಡುತ್ತಾರೆ. ಟವರ್, ಬಿಗ್ ಬೆನ್, ಅರಮನೆ, ಮ್ಯೂಸಿಯಂ. ಊಟ ಎಲ್ಲಾದರೂ ಸಿಗುತ್ತೆ ಬಿಡಿ ಅಂತ ಬಿಟ್ಟುಬಿಡುತ್ತಾರೆ. ಮಧ್ಯಾಹ್ನ ಮೂರು ಗಂಟೆಗೆ ಕಾಲು ಸೋತು, ಹೊಟ್ಟೆ ಚುರುಗುಟ್ಟಿ, ಎದುರಿಗೆ ಸಿಕ್ಕ ಬರ್ಗರ್ ಅಂಗಡಿಗೆ ನುಗ್ಗುತ್ತಾರೆ. ಜಯನಗರದಲ್ಲೂ ಸಿಗುವ ಅದೇ ಬರ್ಗರ್ ತಿಂದು ಬಂದು, ಬ್ರಿಟಿಷರ ಊಟದಲ್ಲಿ ಏನೂ ಇಲ್ಲ ಅಂತ ತೀರ್ಪು ಬೇರೆ ಕೊಡುತ್ತಾರೆ.

ನನ್ನ ಸಲಹೆ ಇದಕ್ಕೆ ಉಲ್ಟಾ. ಮೊದಲು ಏನು ತಿನ್ನಬೇಕು, ಯಾವ ದಿನ, ಎಷ್ಟು ಹೊತ್ತಿಗೆ ಅಂತ ಬರೆದುಕೊಳ್ಳಿ. ನೋಡುವ ಜಾಗಗಳನ್ನು ಅದರ ಸುತ್ತ ಕೂರಿಸಿ. ಯಾಕೆಂದರೆ ಕೋಟೆ, ಮ್ಯೂಸಿಯಂ ದಿನವಿಡೀ ಬಾಗಿಲು ತೆಗೆದಿರುತ್ತವೆ, ಆದರೆ ಅಲ್ಲಿನ ಹಳೇ ಕಾಲದ ಊಟಕ್ಕೆ ಗಂಟೆ ಇದೆ, ವಾರ ಇದೆ. ತಿಂಡಿ ಮಾಡುವ ಹಳೇ ಕೆಫೆಗಳು ಬೆಳಗಿನ ಹೊತ್ತಿನವು. ಒಲೆಯಲ್ಲಿ ಹುರಿದ ಮಾಂಸದ ರೋಸ್ಟ್ ಊಟ ಸಾಮಾನ್ಯವಾಗಿ ಭಾನುವಾರಕ್ಕೆ. ಹಿಟ್ಟಿನ ಹೊದಿಕೆಯೊಳಗೆ ಮಾಂಸವೋ ತರಕಾರಿಯೋ ತುಂಬಿ ಬೇಯಿಸಿದ ಪೈ ಮಾರುವ ಅಂಗಡಿಗಳು ಸಂಜೆ ಬೇಗ ಮುಚ್ಚುತ್ತವೆ. ಒಳ್ಳೇ ಕಡೆ ಸಂಜೆ ಚಹಾ ಬೇಕಂದ್ರೆ ಮೊದಲೇ ಬುಕ್ ಮಾಡಿರಬೇಕು. ಇನ್ನೊಂದು ಲಾಭವೂ ಇದೆ. ಈ ಹಳೇ ಹೋಟೆಲುಗಳು, ಪಬ್‌ಗಳು ಎಷ್ಟೋ ತಾವೇ ನೂರು ವರ್ಷಕ್ಕೂ ಹಳೆಯವು, ಹಾಗಾಗಿ ಊಟಕ್ಕೆ ಕೂತಾಗಲೂ ನೀವು ಇತಿಹಾಸವನ್ನೇ ನೋಡುತ್ತಿರುತ್ತೀರಿ.

ಒಂದು ಹಾಳೆ ತೆಗೆದುಕೊಂಡು ದಿನಗಳನ್ನು ಬರೆಯಿರಿ. ಮೊದಲು ಭಾನುವಾರಕ್ಕೆ ರೋಸ್ಟ್ ಅಂತ ಬರೆದುಬಿಡಿ. ವೆಸ್ಟ್‌ಮಿನ್‌ಸ್ಟರ್ ಅಬ್ಬೆ, ಸೇಂಟ್ ಪಾಲ್ಸ್ ಎರಡು ದೊಡ್ಡ ಚರ್ಚುಗಳಲ್ಲೂ ಭಾನುವಾರ ಪ್ರಾರ್ಥನೆಗೆ ಬಂದವರಿಗಷ್ಟೇ ಪ್ರವೇಶ, ನೋಡಲು ಬಂದವರಿಗಿಲ್ಲ. ಆದ್ದರಿಂದ ಅವು ಆ ದಿನ ಬೇಡ. ಬರೋ (Borough) ಮಾರ್ಕೆಟ್ ಅನ್ನುವ ತಿನಿಸಿನ ಸಂತೆಗೆ ಸೋಮವಾರ ರಜೆ, ಶನಿವಾರ ಕಾಲಿಡಲು ಜಾಗ ಇರಲ್ಲ. ಅದಕ್ಕೆ ಮಂಗಳವಾರದಿಂದ ಶುಕ್ರವಾರದೊಳಗೆ ಒಂದು ದಿನ ಕೊಡಿ. ದಿನಕ್ಕೆ ಒಂದೇ ದೊಡ್ಡ ಊಟ, ಟಿಕೆಟ್ ತೆಗೆದು ನೋಡುವ ಜಾಗವೂ ಒಂದೇ. ಉಳಿದದ್ದು ನಡೆಯುವಾಗ ದಾರಿಯಲ್ಲಿ ಸಿಗುವಂಥದ್ದು. ಇದಕ್ಕಿಂತ ಜಾಸ್ತಿ ತುರುಕಿದರೆ ಯಾವುದೂ ನೆಟ್ಟಗೆ ಆಗಲ್ಲ.

ಟವರ್‌ನಿಂದ ಬರೋ ಮಾರ್ಕೆಟ್‌ವರೆಗೆ

ಒಂದೇ ದಿನ ಇದೆ ಅಂದ್ರೆ ಈ ದಾರಿ ಹಿಡಿಯಿರಿ. ಟವರ್ ಆಫ್ ಲಂಡನ್‌ಗೆ ಆನ್‌ಲೈನ್ ಟಿಕೆಟ್ ತೆಗೆದು, ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಿ. ಒಳಗೆ ಹೋದವರೇ ಮೊದಲು ರಾಜರ ಒಡವೆ ಇಟ್ಟಿರುವ ಕಟ್ಟಡಕ್ಕೆ ಹೋಗಿ. ಹತ್ತೂವರೆ ದಾಟಿದರೆ ಅಲ್ಲಿ ಸಾಲು ಬೆಳೆಯುತ್ತದೆ. ಕೊಹಿನೂರ್ ಇರುವುದು ಎರಡನೇ ಎಲಿಜಬೆತ್ ರಾಣಿಯ ತಾಯಿಯ ಕಿರೀಟದಲ್ಲಿ. ನಮ್ಮವರು ಅದರ ಮುಂದೆ ನಿಂತು ನಿಟ್ಟುಸಿರು ಬಿಡುವುದು ಮಾಮೂಲು, ನೀವೂ ಬಿಡಿ. ಆಮೇಲೆ ಬಾಗಿಲ ಹತ್ತಿರ ವಾಪಸ್ ಬಂದು ಕೆಂಪು ಅಂಚಿನ ಕಪ್ಪು ನೀಲಿ ಅಂಗಿಯ ಕಾವಲುಗಾರರ ಜೊತೆ ಸುತ್ತಿ. ಟಿಕೆಟ್ ಇದ್ದವರಿಗೆ ಅದು ಉಚಿತ, ಮತ್ತು ತಲೆ ಕಡಿದ ಕಥೆಗಳನ್ನು ಅವರು ಹೇಳುವ ರೀತಿಗೆ ನಗು ಬರುತ್ತದೆ. ನಡುವೆ ನಿಂತಿರುವ ವೈಟ್ ಟವರ್ ಅನ್ನು ವಿಲಿಯಂ ದೊರೆ 1070ರ ದಶಕದಲ್ಲಿ ಕಟ್ಟಿಸಲು ಶುರು ಮಾಡಿದ್ದು.

ಒಳಗಿನ ಕೆಫೆಯಲ್ಲಿ ಹೊಟ್ಟೆ ತುಂಬಿಸಿಕೊಳ್ಳಬೇಡಿ. ಹೊರಗೆ ಬಂದು ಐದು ನಿಮಿಷ ನಡೆದರೆ ಸೀದಿಂಗ್ ಲೇನ್ ಅಂತ ಒಂದು ಬೀದಿ, ಅಲ್ಲೊಂದು ಪುಟ್ಟ ತೋಟ. ಅಲ್ಲಿ ಸ್ಯಾಮ್ಯುಯೆಲ್ ಪೀಪ್ಸ್‌ನ ಮೂರ್ತಿ ಇದೆ. ನೌಕಾಪಡೆಯ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಈತ ದಿನಾ ಡೈರಿ ಬರೆಯುತ್ತಿದ್ದ. 1666ರ ಸೆಪ್ಟೆಂಬರ್‌ನಲ್ಲಿ ಊರಿಗೆ ಊರೇ ಹೊತ್ತಿ ಉರಿಯುವಾಗ ಈ ಮಹಾಶಯ ಗುಂಡಿ ತೋಡಿ ತನ್ನ ವೈನನ್ನೂ ಪಾರ್ಮೆಸಾನ್ ಚೀಸನ್ನೂ ಹೂತಿಟ್ಟ. ಬೆಂಕಿ ಬಂದಾಗ ಚೀಸ್ ನೆನಪಾದವನು ಅಂದ ಮೇಲೆ ಅವನಿಗೆ ಒಂದು ನಮಸ್ಕಾರ ಹಾಕದೆ ಮುಂದೆ ಹೋಗಬಾರದು ಅನ್ನುವುದು ನನ್ನ ಅಭಿಪ್ರಾಯ.

ಅಲ್ಲಿಂದ ಆ ಬೆಂಕಿಯ ನೆನಪಿಗೆ ನಿಲ್ಲಿಸಿದ ಮಾನ್ಯುಮೆಂಟ್ ಕಂಬಕ್ಕೆ ನಡೆಯಿರಿ. 202 ಅಡಿ ಎತ್ತರ, ಒಳಗೆ ಸುರುಳಿಯಾಗಿ 311 ಮೆಟ್ಟಿಲು. ಪುಡ್ಡಿಂಗ್ ಲೇನ್‌ನ ಬೇಕರಿಯವನ ಮನೆಯಲ್ಲಿ ಆ ಬೆಂಕಿ ಶುರುವಾಯಿತಲ್ಲ, ಆ ಜಾಗ ಕಂಬದ ಬುಡದಿಂದ ಅಷ್ಟೇ, 202 ಅಡಿ ದೂರ. ಹತ್ತುವುದು ಬಿಡುವುದು ನಿಮ್ಮಿಷ್ಟ, ಹತ್ತಿದರೆ ಹಸಿವು ಚೆನ್ನಾಗಿ ಆಗುತ್ತದೆ. ಆಮೇಲೆ ಲಂಡನ್ ಬ್ರಿಜ್ ದಾಟಿ. ಇದು ಗೋಪುರ ಇರುವ ಸೇತುವೆ ಅಲ್ಲ, ಅದು ಟವರ್ ಬ್ರಿಜ್, 1894ರದ್ದು. ಲಂಡನ್ ಬ್ರಿಜ್ ನೋಡಲು ಸಪ್ಪೆ, ಆದರೆ ಅದರ ಮೇಲೆ ನಿಂತರೆ ಟವರ್ ಬ್ರಿಜ್ ಪೂರ್ತಿ ಕಾಣುತ್ತದೆ. ಫೋಟೋ ಇಲ್ಲೇ ತೆಗೆಯಿರಿ.

ಸೇತುವೆ ಇಳಿದರೆ ಬರೋ ಮಾರ್ಕೆಟ್. ಇಲ್ಲಿ ಸ್ಪೇನ್, ಇಟಲಿ, ಎಲ್ಲಾ ದೇಶದ ಅಡುಗೆ ಸಿಗುತ್ತದೆ. ದೊಡ್ಡ ದೊಡ್ಡ ಬಾಣಲೆಗಳ ಮುಂದೆ ಉದ್ದದ ಸಾಲು ಇರುತ್ತದೆ. ಅದರಲ್ಲಿ ನಿಲ್ಲಬೇಡಿ, ನೀವು ಬಂದದ್ದು ಅದಕ್ಕಲ್ಲ. ಪೋರ್ಕ್ ಪೈ, ಸಾಸೇಜ್ ರೋಲ್, ಸ್ಕಾಚ್ ಎಗ್ ಹುಡುಕಿ. ಸ್ಕಾಚ್ ಎಗ್ ಅಂದ್ರೆ ಬೇಯಿಸಿದ ಮೊಟ್ಟೆಗೆ ಸಾಸೇಜ್ ಮಾಂಸ ಮೆತ್ತಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದದ್ದು. ಸಸ್ಯಾಹಾರಿಗಳು ಬ್ರಿಟಿಷ್ ಚೀಸ್ ಮಾರುವ ಅಂಗಡಿಗೆ ಹೋಗಿ, ಸಸ್ಯಾಹಾರಿಗಳಿಗೆ ಆಗುವ ಚೀಸ್ ಯಾವುದು ಅಂತ ಮೊದಲು ಕೇಳಿ. ಚೂರು ಕತ್ತರಿಸಿ ರುಚಿಗೆ ಕೊಡುತ್ತಾರೆ, ಸಂಕೋಚ ಬೇಡ. ಒಂದು ಚೆಡ್ಡರ್, ಒಂದು ಲ್ಯಾಂಕಷೈರ್, ಒಂದು ಸ್ಟಿಲ್ಟನ್ ಕೇಳಿ. ನೀಲಿ ಗೆರೆಯ ಸ್ಟಿಲ್ಟನ್ ಅನ್ನು ಕಾನೂನಿನ ಪ್ರಕಾರ ಮೂರೇ ಜಿಲ್ಲೆಗಳಲ್ಲಿ ಮಾಡಬಹುದು: ಡಾರ್ಬಿಷೈರ್, ಲೆಸ್ಟರ್‌ಷೈರ್, ನಾಟಿಂಗ್‌ಹ್ಯಾಮ್‌ಷೈರ್. ಮೊದಲ ತುಂಡಿಗೆ ಮೂಗು ಮುರಿಯುತ್ತೀರಿ. ಎರಡನೆಯದನ್ನು ಸಿಹಿ ಸೇಬಿನ ಜೊತೆ ತಿನ್ನಿ, ಆಮೇಲೆ ಮಾತಾಡೋಣ.

ಪಕ್ಕದಲ್ಲೇ ಸದಕ್ ಕೆಥೀಡ್ರಲ್. ಅದನ್ನು ನೋಡಿಕೊಂಡು ಬರೋ ಹೈ ಸ್ಟ್ರೀಟ್‌ನಲ್ಲಿ ಸ್ವಲ್ಪ ನಡೆದು, ಎಡಗಡೆ ಒಂದು ಅಂಗಳದೊಳಗೆ ತಿರುಗಿದರೆ ಜಾರ್ಜ್ ಇನ್. ಕುದುರೆ ಗಾಡಿಗಳ ಕಾಲದ ಛತ್ರ ಇದು, ಬೆಂಕಿಗೆ ಸುಟ್ಟು 1677ರಲ್ಲಿ ಮತ್ತೆ ಕಟ್ಟಿದ್ದು. ಮೇಲಿನ ಮಹಡಿಗಳಲ್ಲಿ ಮರದ ಉದ್ದ ಜಗುಲಿ, ಇಂಥ ಜಗುಲಿಯ ಛತ್ರ ಲಂಡನ್‌ನಲ್ಲಿ ಉಳಿದಿರುವುದು ಇದೊಂದೇ. ಸಂಜೆ ಇಲ್ಲೇ ಕೂತುಬಿಡಿ. ಕುಡಿಯದವರು ಲೈಮ್ ಅಂಡ್ ಸೋಡಾ ಹೇಳಿ, ಯಾರೂ ಏನೂ ಅನ್ನಲ್ಲ.

ತಿಂಡಿ, ಬಸವಣ್ಣ, ಅಬ್ಬೆ

ಇನ್ನೊಂದು ದಿನ ಬೆಳಗ್ಗೆ ಹಸಿದುಕೊಂಡೇ ಪಿಮ್ಲಿಕೊ ಕಡೆ ಹೋಗಿ. ಅಲ್ಲಿ ರೀಜೆನ್ಸಿ ಕೆಫೆ ಇದೆ, 1946ರದ್ದು. ಹೊರಗೆ ಕಪ್ಪು ಟೈಲ್ಸ್, ಒಳಗೆ ಫಾರ್ಮಿಕಾ ಮೇಜು, ಕಂದು ಕುರ್ಚಿ. ಭಾನುವಾರ ಇರಲ್ಲ. ಕೌಂಟರ್‌ನಲ್ಲಿ ಹೇಳಿ ದುಡ್ಡು ಕೊಟ್ಟು ಕೂತಿರಬೇಕು. ನಿಮ್ಮ ತಿಂಡಿ ರೆಡಿ ಆದಾಗ ಅದನ್ನು ಇಡೀ ಕೆಫೆ ಬೆಚ್ಚಿಬೀಳುವ ಹಾಗೆ ಕೂಗಿ ಹೇಳುತ್ತಾರೆ, ಎದ್ದು ಹೋಗಿ ತರಬೇಕು. ತಟ್ಟೆಯಲ್ಲಿ ಮೊಟ್ಟೆ, ಬೇಕನ್, ಸಾಸೇಜ್, ಟೊಮೆಟೊ ಸಾಸಿನಲ್ಲಿ ಬೆಂದ ಬೀನ್ಸ್, ಜೊತೆಗೆ ಟೋಸ್ಟ್, ಕಡಕ್ ಹಾಲಿನ ಟೀ. ಇದನ್ನೇ ಫುಲ್ ಇಂಗ್ಲಿಷ್ ಅನ್ನುವುದು. ಮಾಂಸ ಬೇಡದವರು ಮೊಟ್ಟೆ, ಬೀನ್ಸ್, ಅಣಬೆ, ಟೊಮೆಟೊ, ಟೋಸ್ಟ್ ಬಿಡಿಬಿಡಿಯಾಗಿ ಹೇಳಬಹುದು. ಬ್ಲ್ಯಾಕ್ ಪುಡ್ಡಿಂಗ್ ಅಂತ ಕಂಡರೆ ಸಿಹಿ ಅಂದುಕೊಳ್ಳಬೇಡಿ, ಅದು ಹಂದಿ ರಕ್ತದ ಸಾಸೇಜ್. ಇಷ್ಟು ತಿಂದ ಮೇಲೆ ಮಧ್ಯಾಹ್ನದ ಊಟ ಬೇಕಾಗಲ್ಲ, ಆ ದುಡ್ಡು ಉಳಿಯಿತು.

ಅಲ್ಲಿಂದ ಹತ್ತು ಹದಿನೈದು ನಿಮಿಷ ನಡೆದು ಲ್ಯಾಂಬೆತ್ ಸೇತುವೆ ದಾಟಿ. ಆ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಥೇಮ್ಸ್ ಪಕ್ಕಕ್ಕೆ ನಮ್ಮ ಬಸವಣ್ಣನ ಪ್ರತಿಮೆ ಇದೆ, 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಕನ್ನಡದವರು ಲಂಡನ್‌ವರೆಗೆ ಬಂದು ಇದನ್ನು ನೋಡದೆ ಹೋಗುವುದುಂಟೇ? ಅಲ್ಲಿಂದ ನದಿ ದಂಡೆಯಲ್ಲೇ ವೆಸ್ಟ್‌ಮಿನ್‌ಸ್ಟರ್ ಸೇತುವೆ ಕಡೆ ನಡೆಯಿರಿ. ಎದುರು ದಡದಲ್ಲಿ ಪಾರ್ಲಿಮೆಂಟ್ ಉದ್ದಕ್ಕೂ ಕಾಣುತ್ತದೆ, ಬಿಗ್ ಬೆನ್ ಗೋಪುರವೂ ಕಾಣುತ್ತದೆ. ಸೇತುವೆಯ ಮೇಲೆ ಗುಂಪಿನಲ್ಲಿ ಕುತ್ತಿಗೆ ಎತ್ತಿ ನೋಡುವುದಕ್ಕಿಂತ ಈ ದಂಡೆ ಎಷ್ಟೋ ವಾಸಿ.

ಸೇತುವೆ ದಾಟಿದರೆ ಅಬ್ಬೆ. 1066ರಿಂದ ಇಂಗ್ಲೆಂಡಿನ ರಾಜರಾಣಿಯರಿಗೆ ಪಟ್ಟ ಕಟ್ಟುವುದು ಇಲ್ಲೇ. ಟಿಕೆಟ್ ದುಬಾರಿ ಅನ್ನಿಸಿದರೆ ಸಂಜೆಯ ಈವನ್‌ಸಾಂಗ್ ಪ್ರಾರ್ಥನೆಗೆ ಹೋಗಿ, ಅದಕ್ಕೆ ದುಡ್ಡಿಲ್ಲ. ಸಮಾಧಿಗಳ ಮಧ್ಯೆ ಓಡಾಡಲು ಆಗಲ್ಲ, ಆದರೆ ಆ ಕಲ್ಲಿನ ಚಾವಣಿ ಕೆಳಗೆ ಹಾಡು ಕೇಳುತ್ತಾ ಕೂರುವುದು ಟಿಕೆಟ್‌ಗಿಂತ ಒಂದು ತೂಕ ಹೆಚ್ಚೇ. ಆಮೇಲೆ ವೈಟ್‌ಹಾಲ್ ರಸ್ತೆಯಲ್ಲಿ ಟ್ರಫಾಲ್ಗರ್ ಚೌಕದ ಕಡೆ ನಡೆಯಿರಿ. ದಾರಿಯಲ್ಲಿ ಬ್ಯಾಂಕ್ವೆಟಿಂಗ್ ಹೌಸ್ ಸಿಗುತ್ತದೆ, 1649ರ ಜನವರಿ 30ರಂದು ಒಂದನೇ ಚಾರ್ಲ್ಸ್ ದೊರೆಯ ತಲೆ ತೆಗೆದದ್ದು ಅದರ ಎದುರಿಗೆ. ಚೌಕದ ಮೂಲೆಯಲ್ಲಿ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್ ಚರ್ಚು, ಅದರ ನೆಲಮಾಳಿಗೆಯಲ್ಲಿ ಒಂದು ಕೆಫೆ. ಇಟ್ಟಿಗೆಯ ಕಮಾನುಗಳ ಕೆಳಗೆ, ಕಾಲಡಿ ಹಳೇ ಗೋರಿಕಲ್ಲುಗಳ ಮೇಲೆ ಕುರ್ಚಿ ಹಾಕಿರುತ್ತಾರೆ. ಆ್ಯಪಲ್ ಕ್ರಂಬಲ್ ಇದ್ದರೆ ಬಿಸಿ ಕಸ್ಟರ್ಡ್ ಹಾಕಿಸಿಕೊಂಡು ತಿನ್ನಿ. ಚಳಿಗಾಲದಲ್ಲಂತೂ ಬಿಡಲೇಬೇಡಿ.

ಗ್ರೀನಿಚ್‌ನಲ್ಲಿ ಪೈ

ಲಂಡನ್ನಿನ ಕೂಲಿಕಾರರ ಊಟ ಅಂದ್ರೆ ಪೈ ಅಂಡ್ ಮ್ಯಾಶ್. ಇದನ್ನು ತಿನ್ನಲು ಗ್ರೀನಿಚ್ ಸರಿಯಾದ ಜಾಗ. ದೋಣಿಯಲ್ಲಿ ಹೋದರೆ ಟವರ್ ಬ್ರಿಜ್ ಕೆಳಗೆ ಹಾದುಹೋಗಬಹುದು. ರೈಲಾದರೆ ಡಿಎಲ್‌ಆರ್ ಹತ್ತಿ ಕಟಿ ಸಾರ್ಕ್ ನಿಲ್ದಾಣದಲ್ಲಿ ಇಳಿಯಿರಿ. ಕಟಿ ಸಾರ್ಕ್ ಅನ್ನುವುದು 1869ರಲ್ಲಿ ಚೀನಾದಿಂದ ಟೀ ತರಲೆಂದೇ ಕಟ್ಟಿದ ಹಡಗು, ಈಗ ದಡದಲ್ಲೇ ನಿಂತಿದೆ. ಬೆಳಗ್ಗೆ ಮೊದಲು ಗುಡ್ಡ ಹತ್ತಿ ಖಗೋಳ ವೀಕ್ಷಣಾಲಯದ ಹತ್ತಿರ ಹೋಗಿ. 1833ರಿಂದ ಅದರ ಗೋಪುರದ ತುದಿಯಲ್ಲಿ ಕೆಂಪು ಚೆಂಡೊಂದು ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ಕೆಳಗೆ ಬೀಳುವ ರೂಢಿ. ನದಿಯಲ್ಲಿದ್ದ ಹಡಗಿನವರು ಅದನ್ನು ನೋಡಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ದುರಸ್ತಿಯೋ ಜೋರು ಗಾಳಿಯೋ ಇದ್ದರೆ ಬೀಳಿಸಲ್ಲ, ಹಾಗಾಗಿ ಮೊದಲೇ ವೆಬ್‌ಸೈಟ್ ನೋಡಿ. ಅದು ಬಿದ್ದ ತಕ್ಷಣ ನೀವು ಊಟಕ್ಕೆ ಇಳಿಯಿರಿ.

ಕೆಳಗೆ ಗೊಡಾರ್ಡ್ಸ್ ಅಂಗಡಿ. ಈ ಮನೆತನ 1890ರಿಂದ ಇದೇ ವ್ಯಾಪಾರದಲ್ಲಿದೆ. ತಟ್ಟೆಗೆ ಒಂದು ಪೈ, ಪಕ್ಕಕ್ಕೆ ಚಮಚದಲ್ಲಿ ಒತ್ತಿ ಸವರಿದ ಆಲೂಗಡ್ಡೆ, ಮೇಲೆ ಹಸಿರು ಸಾರು. ಅದಕ್ಕೆ ಲಿಕ್ಕರ್ ಅನ್ನುತ್ತಾರೆ, ಹೆಸರು ಕೇಳಿ ಗಾಬರಿ ಬೇಡ, ಹೆಂಡ ಏನೂ ಇಲ್ಲ. ಪಾರ್ಸ್ಲಿ ಸೊಪ್ಪಿನ ತೆಳು ಸಾಸ್ ಅದು, ಒಗ್ಗರಣೆ ಮರೆತ ಸೊಪ್ಪಿನ ಸಾರಿನ ಹಾಗೆ ಇರುತ್ತದೆ. ಸಪ್ಪೆ ಅನ್ನಿಸುವುದು ಸಹಜ. ಅದಕ್ಕೇ ಮೇಜಿನ ಮೇಲೆ ಮೆಣಸಿನಕಾಯಿ ಹಾಕಿದ ವಿನೆಗರ್ ಇಟ್ಟಿದ್ದರೆ ಧಾರಾಳವಾಗಿ ಹಾಕಿಕೊಳ್ಳಿ. ಹಳಬರು ಪೈ ಅನ್ನು ತಲೆಕೆಳಗು ಮಾಡಿ, ಫೋರ್ಕ್ ಮತ್ತು ಚಮಚದಲ್ಲಿ ತಿನ್ನುತ್ತಾರೆ, ಚಾಕು ಮುಟ್ಟಲ್ಲ. ಹಿಂದೆ ಈ ಪೈ ಒಳಗೆ ಥೇಮ್ಸ್‌ನ ಹಾವುಮೀನು ಇರುತ್ತಿತ್ತು, ಬರಬರುತ್ತಾ ಬೀಫ್ ಕೈಮಾ ಬಂತು. ಇಲ್ಲಿ ಸಸ್ಯಾಹಾರಿ ಪೈಗಳೂ ಸಿಗುತ್ತವೆ, ಅದಕ್ಕೇ ಕುಟುಂಬದ ಜೊತೆ ಹೋಗುವವರಿಗೆ ಇದನ್ನು ಹೇಳುತ್ತಿದ್ದೇನೆ. ಮಾಂಸ ತಿನ್ನುವವರಿಗೆ, ಹಳೇ ಅಂಗಡಿಯ ಅಂದಚೆಂದವೂ ಬೇಕು ಅನ್ನುವವರಿಗೆ ಟವರ್ ಬ್ರಿಜ್ ರೋಡ್‌ನ ಎಂ. ಮಾಂಜೆ ಇದೆ, 1902ರಿಂದ. ಹಸಿರು ಬಿಳಿ ಟೈಲ್ಸ್, ಅಮೃತಶಿಲೆಯ ಮೇಜು, ಮರದ ಬೆಂಚು.

ಭಾನುವಾರ ಹ್ಯಾಂಪ್‌ಸ್ಟೆಡ್

ರೋಸ್ಟ್ ಅಂದ್ರೆ ಬೀಫ್, ಕೋಳಿ, ಕುರಿ, ಹಂದಿ, ಯಾವುದಾದರೊಂದು ಒಲೆಯಲ್ಲಿ ಹುರಿದ ಮಾಂಸ. ಜೊತೆಗೆ ಗರಿಗರಿ ಆಲೂಗಡ್ಡೆ, ಕ್ಯಾರೆಟ್, ಎಲೆಕೋಸು, ಮೊಟ್ಟೆ, ಹಾಲು, ಮೈದಾ ಕಲಸಿ ಉಬ್ಬುವಂತೆ ಬೇಯಿಸಿದ ಯಾರ್ಕ್‌ಷೈರ್ ಪುಡ್ಡಿಂಗ್, ಎಲ್ಲದರ ಮೇಲೆ ಗ್ರೇವಿ. ಕುರಿಗೆ ಪುದೀನ ಸಾಸ್, ಹಂದಿಗೆ ಸೇಬಿನ ಸಾಸ್, ಬೀಫ್‌ಗೆ ಮೂಗಿಗೆ ಹತ್ತುವ ಹಾರ್ಸ್‌ರ್ಯಾಡಿಷ್. ಪಬ್‌ಗಳಲ್ಲಿ ಹನ್ನೆರಡಕ್ಕೆ ಶುರುವಾಗಿ ಮುಗಿಯುವವರೆಗೆ ಕೊಡುತ್ತಾರೆ. ನಾಲ್ಕು ಗಂಟೆಗೆ ಹೋದರೆ ಆಲೂಗಡ್ಡೆ ಒಣಗಿರುತ್ತದೆ, ಬೇಕಾದ ಮಾಂಸ ಖಾಲಿಯಾಗಿರುತ್ತದೆ. ಒಂದು ಗಂಟೆಗೆ ಮೇಜು ಬುಕ್ ಮಾಡಿ, ಅದೂ ವಾರ ಮುಂಚೆ.

ಹ್ಯಾಂಪ್‌ಸ್ಟೆಡ್ ಹೀತ್ ಅನ್ನುವ ದೊಡ್ಡ ಬಯಲಿನ ಅಂಚಿಗೆ ಸ್ಪ್ಯಾನಿಯರ್ಡ್ಸ್ ಇನ್ ಅಂತ ಪಬ್ ಇದೆ, 1585ರದ್ದು ಅಂತ ಹೇಳಿಕೊಳ್ಳುತ್ತದೆ. ಸ್ವಲ್ಪ ದೂರದಲ್ಲೇ ಕೆನ್‌ವುಡ್ ಹೌಸ್ ಬಂಗಲೆ. 1780ರ ಗಲಭೆಯಲ್ಲಿ ಆ ಬಂಗಲೆಗೆ ಬೆಂಕಿ ಹಚ್ಚಲು ಹೊರಟ ಗುಂಪಿಗೆ ಈ ಪಬ್‌ನ ಮಾಲೀಕ ಪುಕ್ಕಟೆ ಕುಡಿಸಿ ಕುಡಿಸಿ ತಡೆದು, ಅಷ್ಟರಲ್ಲಿ ಸೈನಿಕರನ್ನು ಕರೆಸಿದ ಅಂತ ಕಥೆ. ನಿಜವೋ ಸುಳ್ಳೋ, ಬಂಗಲೆ ಅಂತೂ ಉಳಿದಿದೆ. ಬೆಳಗ್ಗೆ ಅದನ್ನು ನೋಡಿ, ಒಳಗೆ ಹೋಗಲು ದುಡ್ಡಿಲ್ಲ, ರೆಂಬ್ರಾಂಟ್‌ನದೂ ವರ್ಮೀರ್‌ನದೂ ಒಂದೊಂದು ಚಿತ್ರ ಇದೆ. ಆಮೇಲೆ ಊಟ. ಊಟ ಆದ ಮೇಲೆ ಪಾರ್ಲಿಮೆಂಟ್ ಹಿಲ್‌ವರೆಗೆ ನಿಧಾನಕ್ಕೆ ನಡೆಯಿರಿ, ಅಲ್ಲಿಂದ ಇಡೀ ನಗರ ಕಾಣುತ್ತದೆ. ಅವತ್ತು ಇನ್ನೇನೂ ಇಟ್ಟುಕೊಳ್ಳಬೇಡಿ, ಆಗೋದೂ ಇಲ್ಲ.

ಸಂಜೆ ಚಹಾ

ಮೂರಂತಸ್ತಿನ ತಟ್ಟೆಯಲ್ಲಿ ಸ್ಯಾಂಡ್‌ವಿಚ್, ಸ್ಕೋನ್ ಅನ್ನುವ ಪುಟ್ಟ ಬನ್ನು, ಕೇಕು ಬರುವ ಆಫ್ಟರ್‌ನೂನ್ ಟೀ ದೊಡ್ಡ ಹೋಟೆಲುಗಳಲ್ಲಿ ತಲೆಗೆ 70-80 ಪೌಂಡ್ ಆಗಿಬಿಡುತ್ತದೆ. ಆಸೆ ಇದ್ದರೆ ಒಮ್ಮೆ ಮಾಡಿ, 1707ರ ಫೋರ್ಟ್‌ನಮ್ ಅಂಡ್ ಮೇಸನ್ ಅಂಥ ಕಡೆ. ನನ್ನನ್ನು ಕೇಳಿದರೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಕೆಫೆಯಲ್ಲಿ ಒಂದು ಸ್ಕೋನ್, ಒಂದು ಟೀ ಸಾಕು. ಜಗತ್ತಿನಲ್ಲಿ ಮ್ಯೂಸಿಯಂ ಒಳಗೆ ಶುರುವಾದ ಮೊದಲ ಊಟದ ಮನೆ ಅದು. ಕಂಬ, ಗೋಡೆ ಎಲ್ಲಾ ಬಣ್ಣಬಣ್ಣದ ಟೈಲ್ಸ್. ಟಿಪ್ಪುವಿನ ಹುಲಿ ಇರುವುದೂ ಈ ಮ್ಯೂಸಿಯಂನಲ್ಲೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹೊತ್ತುಕೊಂಡು ಹೋದದ್ದು, ಮರದ ಹುಲಿ ಯುರೋಪಿಯನ್ ಒಬ್ಬನ ಮೇಲೆ ಎರಗಿರುವ ಗೊಂಬೆ, ಹೊಟ್ಟೆಯೊಳಗೆ ಪುಟ್ಟ ಆರ್ಗನ್. ಯಾವ ಕೋಣೆಯಲ್ಲಿಟ್ಟಿದ್ದಾರೆ ಅಂತ ಹೋಗುವ ಮುಂಚೆ ಆನ್‌ಲೈನ್‌ನಲ್ಲಿ ನೋಡಿ. ಪ್ರವೇಶ ಉಚಿತ.

ಸಸ್ಯಾಹಾರಿಗಳು, ಬೀಫ್ ಬೇಡದವರು ಇದನ್ನು ಓದಲೇಬೇಕು

ಮೆನುವಿನಲ್ಲಿ ವಿ ಗುರುತು ಇದ್ದರೆ ಸಸ್ಯಾಹಾರಿ. ಆದರೆ ಅವರ ಸಸ್ಯಾಹಾರದಲ್ಲಿ ಮೊಟ್ಟೆ ಇರುತ್ತದೆ. ಮೊಟ್ಟೆ, ಹಾಲು ಎರಡೂ ಬೇಡ ಅಂದ್ರೆ ವೀಗನ್ ಗುರುತು ನೋಡಿ. ಮೋಸ ಆಗುವುದು ಗುರುತು ಇಲ್ಲದ ಕಡೆ. ಚಿಪ್ಸ್ ಕೆಲವು ಕಡೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ, ಎಣ್ಣೆಯಲ್ಲಿ ಕರಿದರೂ ಮೀನು ಕರಿದ ಎಣ್ಣೆಯೇ ಇರಬಹುದು. ರೋಸ್ಟ್ ಆಲೂಗಡ್ಡೆಗೆ ಬಾತುಕೋಳಿ ಜಾತಿಯ ಹಕ್ಕಿಯ ಕೊಬ್ಬು ಹಾಕುವುದುಂಟು. ಸ್ಪಾಟೆಡ್ ಡಿಕ್‌ನಂಥ ಆವಿಯಲ್ಲಿ ಬೇಯಿಸಿದ ಪುಡ್ಡಿಂಗ್‌ನಲ್ಲಿ ಸೂಯೆಟ್ ಅಂತ ದನದ ಕೊಬ್ಬು ಇರುತ್ತದೆ, ಸಸ್ಯದ್ದೂ ಇದೆ, ಕೇಳಿ. ಚೀಸ್ ಟೋಸ್ಟ್‌ನಂತೆ ಕಾಣುವ ವೆಲ್ಷ್ ರೇರ್‌ಬಿಟ್‌ಗೆ ವೂಸ್ಟರ್ ಸಾಸ್ ಹಾಕುತ್ತಾರೆ, ಅದರಲ್ಲಿ ಆಂಚೊವಿ ಮೀನು. ಟ್ರೈಫಲ್‌ನ ಜೆಲ್ಲಿಯಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಾಟಿನ್. ನಾನು ವೆಜಿಟೇರಿಯನ್ ಅಂದು ಸುಮ್ಮನಾಗಬೇಡಿ, ಯಾವುದರಲ್ಲಿ ಕರಿದಿದ್ದೀರಿ, ಗ್ರೇವಿ ಯಾವುದರದ್ದು ಅಂತ ನೇರವಾಗಿ ಕೇಳಿ. ಅಲ್ಲಿ ಇಂಥ ಪ್ರಶ್ನೆಗೆ ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಹಾಗಂತ ಉಪವಾಸ ಬೀಳಬೇಕಿಲ್ಲ. ಚೀಸ್ ಈರುಳ್ಳಿ ಪ್ಯಾಸ್ಟಿ, ಸಿಪ್ಪೆ ಸಮೇತ ಬೇಯಿಸಿ ಬೀನ್ಸ್ ಸುರಿದ ಆಲೂಗಡ್ಡೆ ಅಂದ್ರೆ ಜಾಕೆಟ್ ಪೊಟೇಟೊ, ಹೂಕೋಸಿನ ಕಾಲಿಫ್ಲವರ್ ಚೀಸ್, ರೋಸ್ಟ್ ದಿನ ನಟ್ ರೋಸ್ಟ್, ಸಿಹಿಗೆ ಸ್ಟಿಕಿ ಟಾಫಿ ಪುಡ್ಡಿಂಗ್. ಕೊನೆಯದರಲ್ಲಿ ಖರ್ಜೂರ ಇರುತ್ತದೆ, ಮೊಟ್ಟೆಯೂ ಇರುತ್ತದೆ.

ಬೀಫ್ ಬೇಡ, ಕುರಿ ಕೋಳಿ ಆಗುತ್ತೆ ಅನ್ನುವವರಿಗೆ ಒಂದು ಸುಲಭ ಲೆಕ್ಕ. ಶೆಪರ್ಡ್ಸ್ ಪೈ ಕುರಿಯದ್ದು, ನೋಡಲು ಹಾಗೇ ಇರುವ ಕಾಟೇಜ್ ಪೈ ಬೀಫ್. ಪೈ ಅಂತ ಮಾತ್ರ ಬರೆದಿದ್ದರೆ ಕೇಳದೆ ತೆಗೆದುಕೊಳ್ಳಬೇಡಿ. ಬ್ಯಾಂಗರ್ಸ್, ಗ್ಯಾಮನ್, ಟೋಡ್ ಇನ್ ದ ಹೋಲ್ ಎಲ್ಲಾ ಸಾಮಾನ್ಯವಾಗಿ ಹಂದಿ. ಮೀನು ತಿನ್ನುವವರು ಯಾವುದರಲ್ಲಿ ಕರಿದಿದ್ದಾರೆ ಅಂತ ಕೇಳಿಕೊಂಡರೆ ಸಾಕು, ಕಾಡ್ ಅಥವಾ ಹ್ಯಾಡಕ್ ಮೀನು ಒಂದು ಪ್ಲೇಟ್ ಇಬ್ಬರಿಗೆ ಆಗುತ್ತದೆ, ಉಪ್ಪು, ಮಾಲ್ಟ್ ವಿನೆಗರ್ ಜೊತೆಗೆ.

ಉಳಿದ ಚಿಲ್ಲರೆ ವಿಷಯ

ಪಬ್‌ನಲ್ಲಿ ಮೇಜಿನ ನಂಬರ್ ನೋಡಿಕೊಂಡು ಕೌಂಟರ್‌ಗೆ ಹೋಗಿ ಆರ್ಡರ್ ಹೇಳಬೇಕು, ಸುಮ್ನೆ ಕೂತರೆ ಯಾರೂ ಬರಲ್ಲ. ರೆಸ್ಟೋರೆಂಟ್ ಬಿಲ್ಲಿನಲ್ಲಿ ಸಾಮಾನ್ಯವಾಗಿ 12.5% ಸರ್ವಿಸ್ ಚಾರ್ಜ್ ಸೇರಿಸಿರುತ್ತಾರೆ, ಅದರ ಮೇಲೆ ಮತ್ತೆ ಟಿಪ್ಸ್ ಬೇಡ. ನಲ್ಲಿ ನೀರು ಕೇಳಿ, ಬಾಟಲಿ ಬೇಡ. ಮೆಟ್ರೋ, ಬಸ್ಸಿಗೆ ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ತಟ್ಟಿದರೆ ಸಾಕು, ದಿನಕ್ಕೊಂದು ಮಿತಿ ದಾಟಿದ ಮೇಲೆ ದುಡ್ಡು ಕಟ್ ಆಗಲ್ಲ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಇರಲಿ. ಡಿಸೆಂಬರ್‌ನಲ್ಲಿ ಹೋಗುವವರು ಗಮನಿಸಿ, ನಾಲ್ಕು ಗಂಟೆಗೆಲ್ಲಾ ಕತ್ತಲು, ಆದ್ದರಿಂದ ನಡಿಗೆ ಬೆಳಗ್ಗೆ, ಊಟ ತಡವಾಗಿ. 25ನೇ ತಾರೀಕು ಮೆಟ್ರೋ ಇಲ್ಲ, ಬಸ್ಸೂ ಇಲ್ಲ.

ಇನ್ನು ಊರಿಂದ ಒಯ್ಯುವ ಬುತ್ತಿ. ಚಟ್ನಿಪುಡಿ, ಚಕ್ಕುಲಿ ತೊಂದರೆ ಇಲ್ಲ. ಮಾಂಸ, ಹಾಲಿನ ಪದಾರ್ಥ ಭಾರತದಿಂದ ತರುವಂತಿಲ್ಲ ಅಂತ ಅಲ್ಲಿ ನಿಯಮ ಇದೆ, ಅಂದ್ರೆ ತುಪ್ಪ, ಧಾರವಾಡ ಪೇಡ ಎರಡೂ ಮನೆಯಲ್ಲೇ ಇರಲಿ.